ಕುರಿ ಅಡವಿಯಲ್ಲಿರುವಾಗ ಹೇಳದ ಹೆಸರು

ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ. ಉದಗೀರದ ಆಸ್ಪತ್ರೆಯ ಕೋಣೆಯಲ್ಲಿ ಅಕ್ಕ, ಅವಳ ಸೊಸೆ, ಡಾಕ್ಟರಮ್ಮ ಮತ್ತು ನಾನು.

ಹಿಂದಿನ ದಿನ ಅಕ್ಕನಿಗೆ ಲಕ್ವಾ ಹೊಡೆದಿತ್ತು. ಬಲಗೈ ಏಳುತ್ತಿರಲಿಲ್ಲ. ಮಾತು ಎಷ್ಟು ಉಳಿದಿದೆ ಎಂದು ಡಾಕ್ಟರಮ್ಮ ಚಿತ್ರಗಳನ್ನು ತೋರಿಸಿ ನೋಡುವವರಿದ್ದರು. ಅವರು ಮರಾಠಿಯಲ್ಲಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಕೇಳಬೇಕು. ಮಾತುಗಳ ಮೂಲ ಹುಡುಕುವ ಗೀಳು ನನಗೆ ಹತ್ತಿದ್ದು ನಿವೃತ್ತಿಯ ನಂತರ. ದಿನಾ ಬೆಳಿಗ್ಗೆ ಚಹಾ ಕುಡಿದ ಕೂಡಲೇ ಅಕ್ಕನಿಗೆ ಫೋನ್ ಮಾಡಿ ಒಂದು ಮಾತಿನ ಅರ್ಥ ಕೇಳುವುದು ನನ್ನ ನೇಮ. ಕುರಿ ಕಾಯುವವರ ಹಳೆಯ ಮಾತುಗಳು ನಮ್ಮ ಮನೆತನದಲ್ಲಿ ಉಳಿದಿದ್ದು ಅವಳೊಬ್ಬಳ ನಾಲಿಗೆಯ ಮೇಲೆ.

ಕತ್ತರಿಯ ಚಿತ್ರಕ್ಕೆ ‘ಕೈಂಚಿ’ ಎಂದಳು. ತುರ್ಕಿ ನುಡಿಯಲ್ಲಿ ಹುಟ್ಟಿ, ಉರ್ದುವಿನ ಜೊತೆ ನಮ್ಮ ಊರುಗಳಿಗೆ ಬಂದ ಮಾತು. ಅದು ಉಳಿದಿತ್ತು. ಕುರಿ ಕೂಡಿದ ಬೇಲಿಯ ಚಿತ್ರಕ್ಕೆ ‘ಹಟ್ಟಿ’ ಎಂದಳು. ಹಳಗನ್ನಡದ ‘ಪಟ್ಟಿ’ಯೇ ಹಟ್ಟಿಯಾದದ್ದು. ಅದೂ ಇತ್ತು.

ಮೂರನೆಯದು ತೋಳದ ಚಿತ್ರ. ಅಕ್ಕ ನೋಡಿದಳು, ತುಟಿ ಬಿಗಿಹಿಡಿದಳು. ಮತ್ತೆ ಕೇಳಿದಾಗ ಮುಖ ಆಚೆ ತಿರುಗಿಸಿದಳು. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇನ್ನು ಒಂದೊಂದೇ ಮಾತು ಹೋಗುತ್ತದೆ ಎಂದು ಹೆದರಿ ನಾನು ಅಕ್ಕನ ಕಡೆ ಬಾಗಿದೆ.

“ತೋಳ ಅನ್ನಕ್ಕ, ತೋಳ,” ಎಂದು ಗೋಗರೆದೆ.

ಅಕ್ಕ ಎಡಗೈ ಎತ್ತಿ ನನ್ನ ಬಾಯಿ ಮುಚ್ಚಿದಳು. “ಅದರ ಹೆಸರ ತಗೀಬ್ಯಾಡೋ. ಕುರಿ ಅಡವ್ಯಾಗ ಅದಾವ.”

ಕುರಿ ಮೇಯಲು ಹೋದಾಗ ನಮ್ಮವರು ಆ ಹೆಸರು ಹೇಳುವುದಿಲ್ಲ, ‘ಅಡವ್ಯಾಗಿನಂವಾ’ ಎನ್ನುತ್ತಾರೆ; ಹೆಸರು ಹೇಳಿದರೆ ಅದು ಹಿಂಡಿನ ಮೇಲೆ ಬೀಳುತ್ತದೆ ಎಂಬ ನಂಬಿಕೆ. ಸಣ್ಣವನಿದ್ದಾಗಲೇ ನಿಲಂಗಾಕ್ಕೆ ಓದಲು ಹೋದ ನನಗೆ ಅದು ಮರೆತೇಹೋಗಿತ್ತು. ಡಾಕ್ಟರಮ್ಮನಿಗೆ ತಿಳಿಸಿದೆ. ಅವರು ನಗಲಿಲ್ಲ. ಚಿತ್ರವನ್ನು ಮಗುಚಿಟ್ಟು, ಮಾತಿಗೆ ಧಕ್ಕೆಯಾಗಿಲ್ಲ ಎಂದರು.

ಒಂದು ಹೆದರಿಕೆ ಹೋಯಿತು, ಇನ್ನೊಂದು ಬಂದು ಕೂತಿತು. ಅಕ್ಕನ ಮಗ ಕುರಿ ಹೊಡೆದುಕೊಂಡು ಮಾಕಣಿಯ ಕಡೆ ಹೋಗಿದ್ದ. ಆ ಹೆಸರನ್ನು ನಾನು ಎರಡು ಸಲ ಹೇಳಿದ್ದೆ. ಇಂಥದ್ದನ್ನು ನಾನು ನಂಬುವವನಲ್ಲ. ಆದರೂ ಅವನ ಫೋನ್ ಹತ್ತದೆ ಹೋದಂತೆಲ್ಲ ಜೀವ ಹಿಡಿಯಷ್ಟಾಯಿತು. ಅಕ್ಕ ಊಟ ಮುಟ್ಟಲಿಲ್ಲ, ಬಾಗಿಲನ್ನೇ ನೋಡುತ್ತಿದ್ದಳು.

ಸಂಜೆ ಅವನೇ ಫೋನ್ ಮಾಡಿದ. “ಎಲ್ಲಾ ಹಟ್ಟಿ ಸೇರ್ಯಾವ್ರೀ ಮಾಮಾ. ಅವ್ವ ಹ್ಯಾಂಗ ಅದಾಳ?”

ಅಕ್ಕನಿಗೆ ಹೇಳಿದೆ. ಅವಳು ನನ್ನ ಮುಖ ನೋಡಿ, “ಅಂಜಿದ್ಯೇನೋ, ಓದಿದ ಶಾಣ್ಯಾ?” ಎಂದಳು. ಹೂಂ ಎಂದೆ. ಗಂಜಿ ಕುಡಿಸಿ, ಅವಳ ಬಾಯಿ ಒರೆಸಿ, ಲೋಟ ತೊಳೆದಿಟ್ಟೆ.