ಅರೆನ್ಲಾಳ ಕಣ್ಣೀರಿನ ಅಭಿಮಾನಿಗಳು

ಬೇ ಏರಿಯಾದ ಯೂನಿಯನ್ ಸಿಟಿಯ ಅರೆನ್ಲಾ ಶನಿವಾರಕ್ಕೊಮ್ಮೆ ಆನ್‌ಲೈನಿನಲ್ಲಿ ಹತ್ತೊಂಬತ್ತು ಸಾವಿರ ಜನರೆದುರು ಅಳುತ್ತಿದ್ದಳು. ಅವರೆಲ್ಲ ಖುಷಿಯಿಂದ ಚಪ್ಪಾಳೆ ಕಳಿಸುತ್ತಿದ್ದರು.

ನಾಗಾಲ್ಯಾಂಡಿನ ಮೊಕೊಕ್‌ಚುಂಗ್‌ನಿಂದ ಬಂದು ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳಿಗೆ ವಿಡಿಯೊದ ಹುಚ್ಚೇನೂ ಇರಲಿಲ್ಲ. ಎಂಟು ತಿಂಗಳ ಹಿಂದೆ ಗಂಡ ತೊಷಿ "ಸ್ವಲ್ಪ ಸ್ಪೇಸು ಬೇಕು" ಎಂದು ಮಾರ್ಗನ್ ಹಿಲ್ ಎಂಬ ಊರಿಗೆ ಹೊರಟುಹೋದ. ಆ ಸ್ಪೇಸಿನಲ್ಲಿ ಆಗಲೇ ಒಬ್ಬಳು ಸಂಸಾರ ಹೂಡಿದ್ದಳು. ಅಮ್ಮ ಬೇಡವೆಂದರೂ ಹಟ ಹಿಡಿದು ಕಟ್ಟಿಕೊಂಡ ಗಂಡ. ಅಮ್ಮನಿಗೆ ಯಾವ ಬಾಯಲ್ಲಿ ಹೇಳುವುದು? ಊರಿನಿಂದ ಫೋನು ಬಂದಾಗಲೆಲ್ಲ "ತೊಷಿ ಡ್ಯೂಟಿಗೆ ಹೋಗಿದಾನೆ" ಎನ್ನುತ್ತಿದ್ದಳು. ಅಂಥ ಶ್ರಮಜೀವಿ ಇಡೀ ಬೇ ಏರಿಯಾದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಒಂದು ಶನಿವಾರ, ಮನಸ್ಸಿಗೆ ಬದಲಾವಣೆಯಾಗಲಿ ಎಂದು ಕ್ಯಾಮೆರಾ ಇಟ್ಟು ಊರಿನ ಅಡುಗೆಗೆ ಕೂತಳು. ನಾಲಿಗೆ ಸುಡುವ ನಾಗಾಲ್ಯಾಂಡಿನ ರಾಜಾ ಮೆಣಸಿನಕಾಯಿ ಕಚ್ಚುವ ಹೊತ್ತಿಗೆ ಎದುರಿನ ಖಾಲಿ ಕುರ್ಚಿ ಕಣ್ಣಿಗೆ ಬಿತ್ತು. ಅಳು ಒತ್ತರಿಸಿ ಬಂತು. ನೋಡಿದವರು ಖಾರವೆಂದುಕೊಂಡು ಬಿದ್ದುಬಿದ್ದು ನಕ್ಕರು. ಅರೆನ್ಲಾಗೆ ಹಾಯೆನಿಸಿತು. ಯಾರೂ ಏನೂ ಕೇಳದ ಹಾಗೆ ಮನಸಾರೆ ಅಳಲು ಇಷ್ಟು ಅನುಕೂಲದ ಜಾಗ ಇನ್ನೆಲ್ಲಿದೆ? ಅಂದಿನಿಂದ ಅಡುಗೆ ಮೂಲೆ ಸೇರಿತು, ಮೆಣಸಿನಕಾಯಿ ಮಾತ್ರ ಉಳಿಯಿತು.

ದಿಮಾಪುರದ ಲಿಮಾ ಎಂಬ ಹುಡುಗಿ ಅಭಿಮಾನಿ ಬಳಗ ಕಟ್ಟಿದಳು. ಮೂರೇ ತಿಂಗಳಲ್ಲಿ ಅದು ಬುಡಕಟ್ಟಿಗೊಂದರಂತೆ ನಾಲ್ಕಾಯಿತು. ನಮ್ಮ ಕನ್ನಡ ಸಂಘಗಳ ಹತ್ತಿರ ಟ್ಯೂಷನ್ನು ಹೇಳಿಸಿಕೊಂಡಿದ್ದರೋ ಏನೋ. ಮೊದಲ ಹನಿ ಎಡಗಣ್ಣಿನದೋ ಬಲಗಣ್ಣಿನದೋ ಎಂದು ವಾರವಿಡೀ ಕಿತ್ತಾಡುತ್ತಿದ್ದರು. ನಾಲ್ಕೂ ಬಳಗದವರು ಒಪ್ಪುತ್ತಿದ್ದುದು ಒಂದೇ ಮಾತಿಗೆ: "ಇನ್ನೊಂದು ತಿನ್ನಿ ಅಕ್ಕಾ!"

ಇಪ್ಪತ್ತು ಸಾವಿರ ತುಂಬಿದ ಸಂಭ್ರಮಕ್ಕೆ ಲಿಮಾ ಮೊಕೊಕ್‌ಚುಂಗ್‌ಗೇ ಹೋಗಿ ಒಂದು ಉಪಕಾರ ಮಾಡಿದಳು. ಇಲ್ಲಿ ಶನಿವಾರ ಸಂಜೆ ಲೈವ್ ನಡೆಯುತ್ತಿರುವಾಗ, ಅಲ್ಲಿ ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಟಿದ್ದ ಅರೆನ್ಲಾಳ ಅಮ್ಮನನ್ನು ಹಿಡಿದು ತನ್ನ ಫೋನಿನ ಮುಂದೆ ಕೂರಿಸಿ, ಎಲ್ಲರಿಗೂ ಕಾಣುವಂತೆ ಲೈವ್‌ಗೆ ಸೇರಿಸಿದಳು. ಮುದುಕಿ ಈ ವಿಡಿಯೊಗಳನ್ನು ಒಂದು ದಿನವೂ ನೋಡಿದವಳಲ್ಲ.

"ನೋಡಿ ಆಂಟಿ, ನಿಮ್ಮ ಮಗಳು ಎಷ್ಟು ಫೇಮಸ್ಸು! ಖಾರಕ್ಕೆ ಹೆಂಗೆ ಅಳ್ತಾರೆ!"

"ಇವಳಾ? ಐದು ವರ್ಷದವಳಿದ್ದಾಗ್ಲೇ ಈ ಮೆಣಸಿನಕಾಯಿ ಕದ್ದು ಹಸೀದೇ ತಿಂತಿದ್ಳು," ಎಂದಳು ಅಮ್ಮ. "ಒಂದು ಹನಿ ಕಣ್ಣೀರು ಬಂದಿದ್ದು ನಾನು ಕಾಣೆ."

"ಫೇಕು!" "ಮೋಸ!" ಕಾಮೆಂಟುಗಳು ಸುರಿದವು. ಯಾವತ್ತೂ ಒಂದಾಗದ ನಾಲ್ಕು ಬಳಗಗಳು ಅರ್ಧ ನಿಮಿಷದಲ್ಲಿ ಒಂದಾದವು. ಒಗ್ಗಟ್ಟೆಂದರೆ ಇದು.

"ಇಲ್ಲಿನ ಮೆಣಸಿನಕಾಯಿ ಬೇರೆ, ಅಮ್ಮಾ. ಭಾರೀ ಖಾರ," ಎಂದಳು ಅರೆನ್ಲಾ, ಕಣ್ಣೊರೆಸಿಕೊಳ್ಳುತ್ತ.

ಅಮ್ಮ ಮೆಣಸಿನಕಾಯಿಯ ಕಡೆ ನೋಡಲೇ ಇಲ್ಲ. ಮುಖವನ್ನು ಪರದೆಗೆ ತೀರ ಹತ್ತಿರ ತಂದು ಮಗಳ ಊಟದ ಮೇಜನ್ನು ನೋಡಿದಳು.

"ಒಂದೇ ತಟ್ಟೆ ಇಟ್ಟಿದೀಯಲ್ಲ. ಎಷ್ಟು ದಿನ ಆಯ್ತು, ಮಗಳೇ?"

ಅಭಿಮಾನಿಗಳ ಸಂಖ್ಯೆ ಕಣ್ಣೆದುರೇ ಇಳಿಯುತ್ತಿತ್ತು. ಅರೆನ್ಲಾ ಅತ್ತ ನೋಡದೆ, ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಕೆಳಗಿಟ್ಟಳು.

"ಎಂಟು ತಿಂಗಳು," ಎಂದಳು.