ಮಬ್ರೂಕಾ ಖಾಲ್ತಿಯ ತೋರುಬೆರಳು

ಮಹ್ದಿಯಾ ಊರಿನ ನಮ್ಮ ಗಲ್ಲಿಯಲ್ಲಿ ಮಬ್ರೂಕಾ ಖಾಲ್ತಿಯ ಕೈಯಲ್ಲಿ ಮದರಂಗಿ ಹಾಕಿಸಿಕೊಳ್ಳದೆ ಮದುವೆಯಾದ ಹೆಂಗಸೇ ಇಲ್ಲ. ನನಗೆ ಸ್ವಂತ ಚಿಕ್ಕಮ್ಮನೇನಲ್ಲ; ಊರಿಗೆಲ್ಲ ಅವಳು ಖಾಲ್ತಿ. ಪಕ್ಕದ ಮನೆ, ಒಂಟಿ ಜೀವ. ನನ್ನ ಮಗು ದುರ್ಸಾಫ್‌ಳನ್ನು ಅವಳು ಆಡಿಸುತ್ತಾಳೆ. ವಾರಕ್ಕೊಮ್ಮೆ ಅವಳ ಉಗುರು ನಾನು ಕತ್ತರಿಸುತ್ತೇನೆ.

ಬಲಗೈಯಲ್ಲಿ ಕಡ್ಡಿ ಹಿಡಿದು ಬರೆಯುತ್ತಾಳೆ, ಗೆರೆ ಮೀರಿದ್ದನ್ನು ಎಡಗೈ ತೋರುಬೆರಳಿಂದ ಒರೆಸುತ್ತಾಳೆ. ನಲವತ್ತು ವರ್ಷ ಒರೆಸಿ ಒರೆಸಿ ಆ ಬೆರಳು ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿದೆ.

ಅರವತ್ಮೂರು ವರ್ಷವಾದರೂ ಅವಳು ಒಮ್ಮೆಯೂ ಓಟು ಹಾಕಿರಲಿಲ್ಲ. ಹಿಂದೆಲ್ಲ ಚುನಾವಣೆಯ ಬೆಳಿಗ್ಗೆ ಗಲ್ಲಿಯ ಮುಖಂಡ ಬಂದು ಅವಳ ಗುರುತಿನ ಚೀಟಿ ಒಯ್ಯುತ್ತಿದ್ದ. ಸಂಜೆ ತಂದುಕೊಟ್ಟು, "ನಿಮ್ಮದೂ ಬಿತ್ತು" ಎನ್ನುತ್ತಿದ್ದ.

"ಯಾರಿಗೆ ಬಿತ್ತಪ್ಪ ಅಂತ ಒಂದ್ಸಲ ಕೇಳ್ದೆ," ಎನ್ನುತ್ತಾಳೆ ಖಾಲ್ತಿ. "ನಕ್ಕ. ಆ ನಗು ನೋಡಿ ಬಾಗಿಲು ಹಾಕ್ಕೊಂಡೆ."

ಅಧ್ಯಕ್ಷ ದೇಶ ಬಿಟ್ಟು ಓಡಿದ ವರ್ಷ, ಬೇಸಿಗೆಯಲ್ಲಿ, ಅವಳೇ ಹೋಗಿ ಹೆಸರು ಬರೆಸಿ ಬಂದಳು. ಅಕ್ಟೋಬರಿನಲ್ಲಿ ಮತದಾನ. ಅದಕ್ಕೆ ವಾರವಿದೆ ಎನ್ನುವಾಗ, ನಾನು ಮಗುವಿಗೆ ಹಾಲೂಡಿಸುತ್ತ ಕೂತಿದ್ದೆ. ಬಂದವಳೇ ಬೆರಳು ಚಾಚಿದಳು.

"ಓಟು ಹಾಕಿದವರ ಬೆರಳನ್ನ ನೀಲಿ ಶಾಯೀಲಿ ಅದ್ದುತ್ತಾರಂತೆ. ಮೊದಲೇ ಬಣ್ಣ ಇದ್ರೆ ವಾಪಸ್ ಕಳಿಸ್ತಾರಂತೆ. ಇದನ್ನೇನು ಮಾಡ್ಲೇ?"

ನಿಂಬೆ ಉಪ್ಪು ತಿಕ್ಕಿದೆವು. ಬಟ್ಟೆ ಸೋಪು ತಿಕ್ಕಿದೆವು. ಗುರುವಾರದ ಮದುವೆಯ ಕೆಲಸವನ್ನೂ ಅವಳು ಬಿಟ್ಟಳು. ಕೊನೆಗೆ ಪಾತ್ರೆ ತಿಕ್ಕುವ ನಾರು ತಂದಾಗ ನಾನು ಕಿತ್ತುಕೊಂಡೆ.

"ಚರ್ಮ ಹೋಗತ್ತೆ, ಬಣ್ಣ ಹೋಗಲ್ಲ. ಸಾಕು ಬಿಡು!"

"ನಿನಗೇನಮ್ಮ, ಹಾಲಿನಂಥ ಬೆರಳು!"

ಭಾನುವಾರ ಶಾಲೆಯ ಅಂಗಳದಲ್ಲಿ ಮೂರು ಗಂಟೆ ನಿಂತೆವು. ಖಾಲ್ತಿ ಬಿಳಿ ಹೊದಿಕೆಯೊಳಗೆ ಎಡಗೈ ಮುಚ್ಚಿಕೊಂಡೇ ಇದ್ದಳು. ಶಾಯಿಯ ಬಾಟಲಿ ಇಟ್ಟುಕೊಂಡಿದ್ದ ಹುಡುಗಿ ಬೇರೆ ಊರಿನ ಟೀಚರು.

"ಎಡಗೈ ತೋರ್ಸಿ ಅಮ್ಮಾ... ಅಯ್ಯೋ, ಇದೇನಿದು? ಬೇರೆ ಕಡೆ ಹಾಕಿ ಬಂದ್ರಾ?"

"ಮದರಂಗಿ, ಮಗಳೇ."

"ಇಷ್ಟು ಕಪ್ಪು ಮದರಂಗೀನಾ?"

ಹಿಂದಿನಿಂದ ಯಾರೋ ಗಂಡಸು ಕೂಗಿದ: "ಎರಡೆರಡು ಓಟಾ ಅಜ್ಜಿ? ಆ ಕಾಲ ಮುಗೀತು!"

ಖಾಲ್ತಿ ಬೆರಳನ್ನು ಮೇಜಿನ ಮೇಲಿಟ್ಟಳು. "ನನ್ನ ಹೆಸರಲ್ಲಿ ಬೇಕಾದಷ್ಟು ಬಿದ್ದಿದೆ ತಾಯಿ. ನಾನು ಹಾಕಿದ್ದು ಒಂದೂ ಇಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹಿಂದಿದ್ದ, ಎರಡು ವಾರದ ಹಿಂದಷ್ಟೇ ಮದುವೆಯಾದ ರಿಹಾಬ್ ಮುಂದೆ ನುಗ್ಗಿ ಎರಡೂ ಅಂಗೈ ಬಿಡಿಸಿ ಹಿಡಿದಳು. "ಇದನ್ನ ಬರೆದಿದ್ದು ಇವಳೇ. ಬಣ್ಣಕ್ಕೆ ಲವಂಗ ಅರೀತಾಳೆ. ನಿಮ್ಮ ಶಾಯಿಗೆ ಲವಂಗದ ವಾಸನೆ ಇದ್ಯಾ? ಮೂಸಿ ನೋಡಿ!"

ಟೀಚರು ಒಂದು ಕ್ಷಣ ಅನುಮಾನಿಸಿ, ಬಗ್ಗಿ ಖಾಲ್ತಿಯ ಬೆರಳು ಮೂಸಿದಳು. ಮೊದಲು ನಿಂಬೆ ಬಡಿದಿರಬೇಕು, ಮೂಗು ಮುರಿದಳು. ಆಮೇಲೆ ನಕ್ಕಳು. "ನಮ್ಮಕ್ಕನ ಮದುವೆ ವಾಸನೆ," ಎಂದಳು. ಪಟ್ಟಿಯಲ್ಲಿ ಖಾಲ್ತಿಯ ಹೆಸರಿನ ಮುಂದೆ ಸಹಿಯ ಜಾಗ ಖಾಲಿಯಿದ್ದದ್ದನ್ನು ಎರಡು ಸಲ ನೋಡಿ ಒಳಗೆ ಬಿಟ್ಟಳು.

ಪರದೆಯ ಹಿಂದೆ ಖಾಲ್ತಿ ಎಷ್ಟು ಹೊತ್ತು ನಿಂತಳೆಂದರೆ ದುರ್ಸಾಫ್ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಯಾರಿಗೆ ಹಾಕಿದಳೋ, ನಾನು ಕೇಳಲಿಲ್ಲ.

ಹೊರಗೆ ಬೀದಿಯೆಲ್ಲ ನೀಲಿ ಬೆರಳು. ಎತ್ತಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಖಾಲ್ತಿಯ ಬೆರಳು ಮಾತ್ರ ಶಾಯಿಯಲ್ಲಿ ಅದ್ದಿದ ಮೇಲೂ ಹೇಗಿತ್ತೋ ಹಾಗೇ. ಅವಳು ಕೈಯನ್ನು ಮತ್ತೆ ಹೊದಿಕೆಯೊಳಗೆ ಎಳೆದುಕೊಂಡಳು.

"ಊರಿನ ಕೈಗೆಲ್ಲ ನಾನು ಬಣ್ಣ ಹಾಕ್ದೆ. ನನಗೆ ಅಂತ ಒಂದು ದಿನ ಹಾಕಿದ್ರೆ, ಕಾಣೋದೇ ಇಲ್ವಲ್ಲೇ."

ಮನೆಗೆ ಬಂದು ಮಗುವನ್ನು ಮಲಗಿಸಿ, ಅವಳ ಕೈಯನ್ನು ಕಿಟಕಿಯ ಬಿಸಿಲಿಗೆ ಹಿಡಿದೆ. ಉಗುರಿನ ಬುಡದಲ್ಲಿ ದಾರದಷ್ಟು ಸಣ್ಣ ನೀಲಿ ಗೆರೆ.

"ಖಾಲ್ತಿ, ಇಲ್ಲಿ ನೋಡು."

ಕನ್ನಡಕ ಹಾಕಿಕೊಂಡು ನೋಡಿದಳು, ತೆಗೆದು ನೋಡಿದಳು. ನಾನು ತಂದಿಟ್ಟ ಚಹಾ ಆರಿಹೋಯಿತು.

ಈಗ ಡಿಸೆಂಬರ್. ಗೆರೆ ಉಗುರಿನೊಂದಿಗೆ ಬೆಳೆಯುತ್ತ ಅರ್ಧಕ್ಕೆ ಬಂದಿದೆ. ಈ ಬೆಳಿಗ್ಗೆಯೂ ಉಗುರು ಕತ್ತರಿಸಲು ಕೂತೆ. ಒಂಬತ್ತು ಬೆರಳು ಕೊಟ್ಟಳು.