ಸೋಮವಾರದ ಗಾಡಿ

ಆ ದಿನವೂ ನಾನು ಎದ್ದದ್ದು ಹಾಲಿನವರ ಸೈಕಲ್ ಗಂಟೆಯ ಸದ್ದಿಗೆ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಸ್ನಾನ ಮುಗಿಸಿ, ಹಿತ್ತಿಲಿನ ಮರದಿಂದ ಬಿಲ್ವಪತ್ರೆ ಕಿತ್ತು ತಂದೆ. ಸೋಮವಾರವಾದ್ದರಿಂದ ಎಂದಿಗಿಂತ ಒಂದು ಹಿಡಿ ಜಾಸ್ತಿ. ಪೂಜೆಯಾದ ಮೇಲೆ ಮಕ್ಕಳ ಡಬ್ಬಿಗೂ ಯಜಮಾನರ ಡಬ್ಬಿಗೂ ಚಿತ್ರಾನ್ನ ತುಂಬಿ, ಒಗೆದ ಬಟ್ಟೆಗಳನ್ನು ತಂತಿಯ ಮೇಲೆ ಹರವತೊಡಗಿದೆ.

ಮೋಟುಗೋಡೆಯ ಆಚೆಯಿಂದ ಪಕ್ಕದ ಮನೆಯ ಅಕ್ಕ ಇಣುಕಿದರು. ಅವರ ಯಜಮಾನರು ಬಸ್ ಡ್ರೈವರ್. ಹಾಗಾಗಿ ಚಾಮರಾಜನಗರಕ್ಕೆ ಯಾರು ಬಂದರು, ಯಾರು ಹೋದರು ಎಂಬುದು ನಮ್ಮ ಬೀದಿಯಲ್ಲಿ ಮೊದಲು ಗೊತ್ತಾಗುವುದು ಅವರಿಗೇ.

"ರೇಷ್ಮೆ ಸೀರೆ ಉಟ್ಕಂಡು ಬಟ್ಟೆ ಒಣಗಾಕ್ತಿದ್ದೀರಲ್ಲ. ಬಿಳಿಯವ್ರು ಇವತ್ತೇ ಬರೋದಾ?"

"ಎಂಟೂವರೆಗಂತೆ ಅಕ್ಕ."

"ಇಂಗ್ಲೀಸು ಬತ್ತದಾ ಇನ್ನೂವೆ?"

ನನ್ನನ್ನು ಹೆದರಿಸಿದ್ದ ಪ್ರಶ್ನೆಯೂ ಅದೇ. ಕಾನ್ವೆಂಟಿನಲ್ಲಿ ಸಿಸ್ಟರುಗಳ ಎದುರು ಕನ್ನಡದ ಒಂದು ಮಾತಾಡಿದರೂ ಬೆಂಚಿನ ಮೇಲೆ ನಿಲ್ಲಬೇಕಿತ್ತು. ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಆ ಭಾಷೆ ಮಕ್ಕಳ ಹೋಂವರ್ಕಿನಷ್ಟಕ್ಕೇ ಬಂದು ನಿಂತಿತ್ತು. ಹಿಂದಿನ ಒಂದು ವಾರವಿಡೀ ನಾನು ಒಲೆಯ ಮುಂದೆ ನಿಂತು ಕುಕ್ಕರಿಗೆ ಇಂಗ್ಲಿಷಿನಲ್ಲಿ ಊರಿನ ಚರಿತ್ರೆ ಹೇಳಿದ್ದೆ.

ಕಾನ್ವೆಂಟಿನಲ್ಲಿ ನನಗಿಂತ ಮೂರು ತರಗತಿ ಮುಂದಿದ್ದವರೊಬ್ಬರು ಆಗ ಮೈಸೂರಿನಲ್ಲಿ ಲೆಕ್ಚರರ್ ಆಗಿದ್ದರು. ಯೂರೋಪಿನ ವಿಯೆನ್ನಾ ನಗರದಿಂದ ಓದಲು ಬಂದಿದ್ದ ಒಂಬತ್ತು ವಿದ್ಯಾರ್ಥಿಗಳನ್ನು ಒಂದು ದಿನದ ಮಟ್ಟಿಗೆ ನಮ್ಮ ಕಡೆ ಸುತ್ತಾಡಿಸಲು ಊರು ಬಲ್ಲ, ಇಂಗ್ಲಿಷ್ ಬಲ್ಲ ಒಬ್ಬರು ಅವರಿಗೆ ಬೇಕಾಗಿತ್ತು. "ಈ ಸಲ ನೋಡೋಣ. ಸರಿಹೋದರೆ ಪ್ರತಿ ತಿಂಗಳೂ ನೀನೇ ಬಾ" ಎಂದು ಕಾಗದ ಬರೆದಿದ್ದರು. ಆ ಕಾಗದವನ್ನು ಸೀರೆಗಳ ಮಧ್ಯೆ ಇಟ್ಟುಕೊಂಡು ದಿನಕ್ಕೆರಡು ಸಲ ಓದುತ್ತಿದ್ದೆ. ಅತ್ತೆ ಮಾತ್ರ, "ಒಂದು ದಿನ ಅಂತ ಒಪ್ಪಿದ್ದೀನಿ. ಒಂದೇ ದಿನ" ಎಂದಿದ್ದರು. ಅವರದು ಕೋಪದ ಸ್ವಭಾವವಲ್ಲ. ಒಮ್ಮೆ ಆಡಿದ ಮಾತನ್ನು ಬದಲಿಸುವುದಿಲ್ಲ, ಅಷ್ಟೇ.

ವಿದ್ಯಾರ್ಥಿಗಳನ್ನೂ ಆ ಲೆಕ್ಚರರ್ ಮೇಡಂ ಅವರನ್ನೂ ಹೊತ್ತು ಮಿನಿಬಸ್ಸು ಬಂತು. ಮೊದಲು ಊರಿನ ದೊಡ್ಡ ಗುಡಿಗೆ ಹೋದೆವು. ಬೂಟಿನ ಲಾಡಿ ಬಿಚ್ಚಲು ಅವರಿಗೆ ಹತ್ತು ನಿಮಿಷ ಹಿಡಿಯಿತು. ಒಬ್ಬ ಹುಡುಗಿಯ ಕಾಲುಚೀಲ ಹೆಬ್ಬೆರಳ ಹತ್ತಿರ ತೂತಾಗಿತ್ತು. ಪಾಪ, ಅವಳು ಒಂದು ಪಾದದ ಮೇಲೆ ಇನ್ನೊಂದನ್ನಿಟ್ಟು ಮುಚ್ಚಿಕೊಂಡೇ ನಿಂತಿದ್ದಳು. ಅದನ್ನು ಕಂಡ ಮೇಲೆ ನನ್ನ ಹೆದರಿಕೆ ಅರ್ಧ ಇಳಿಯಿತು. ಕುಕ್ಕರಿಗೆ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ತಡವರಿಸಿದರೂ ನಿಲ್ಲಲಿಲ್ಲ.

ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ಈರುಳ್ಳಿ ಮೂಟೆಗಳು ಕೇರಳದ ಲಾರಿಗೆ ಏರುತ್ತಿದ್ದವು. ವಿದ್ಯಾರ್ಥಿಗಳು ಕಣ್ಣೊರೆಸಿಕೊಳ್ಳುತ್ತಲೇ ಫೋಟೊ ತೆಗೆದರು. ಇನ್ನು ಉಳಿದಿದ್ದದ್ದು ದಿನದ ಮುಖ್ಯ ಭಾಗ. ಗುಂಡ್ಲುಪೇಟೆಯಿಂದ ಅನತಿ ದೂರದಲ್ಲಿರುವ ನನ್ನ ಸೋದರಮಾವನ ಊರಿನಲ್ಲಿ ಎತ್ತಿನಗಾಡಿ ಸವಾರಿ, ಆಮೇಲೆ ಊಟ. ಮೇಡಂ ಅದನ್ನು ಟೈಪು ಮಾಡಿಸಿ ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟಿದ್ದರು. ಸವಾರಿಗೆಂದೇ ಒಬ್ಬ ಹುಡುಗ ಕ್ಯಾಮೆರಾಗೆ ಹೊಸ ರೀಲು ಹಾಕಿಕೊಂಡ.

ಮಾವನ ಹಟ್ಟಿಯ ಮುಂದೆ ಗಾಡಿ ಮೂತಿ ನೆಲಕ್ಕೂರಿ ನಿಂತಿತ್ತು. ಎತ್ತುಗಳೆರಡೂ ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಬಳಿಸಿಕೊಂಡು, ಹುಣಸೆ ಮರದ ಕೆಳಗೆ ಮಲಗಿ ಮೆಲುಕು ಹಾಕುತ್ತಿದ್ದವು.

"ಮಾವ, ಗಾಡಿ ಕಟ್ಟಲ್ವಾ?" ಎಂದೆ.

ಮಾವ ನನ್ನನ್ನೇ ನೋಡಿದರು. "ಇವತ್ತು ಸೋಮ್ವಾರ ಕಣವ್ವ."

ಸೋಮವಾರ ಶಿವನ ದಿನ. ಬಸವಣ್ಣನ ಹೆಗಲಿಗೆ ಅಂದು ನೊಗ ಇಡುವುದಿಲ್ಲ. ಬೆಳಿಗ್ಗೆಯಷ್ಟೇ ಪತ್ರೆ ಏರಿಸಿ ಕೈಮುಗಿದು ಬಂದವಳು ನಾನು. ಪೇಟೆಯ ಮನೆಯಲ್ಲಿ ಎತ್ತುಗಳಿಲ್ಲ. ಚಿಕ್ಕಂದಿನಲ್ಲಿ ಮಾವನ ಊರಿಗೆ ಹೋಗುತ್ತಿದ್ದುದೆಲ್ಲ ಭಾನುವಾರ, ಕಾನ್ವೆಂಟಿಗೆ ರಜೆ ಇದ್ದಾಗ. ಸಂಜೆಯ ಬಸ್ಸಿಗೆ ವಾಪಸ್. ಆ ಗಾಡಿ ನಿಂತದ್ದನ್ನೇ ನಾನು ನೋಡಿರಲಿಲ್ಲ. ಮಾವನಿಗೆ ಹನ್ನೊಂದು ಜನರ ಊಟಕ್ಕೆ ಹೇಳಿ ಕಳಿಸಿದ್ದೆ. ಗಾಡಿಯ ವಿಷಯ ಹೇಳಬೇಕೆಂದೇ ತೋಚಿರಲಿಲ್ಲ.

"ಒಂದು ಸುತ್ತು ಮಾವ, ಕೆರೆಯವರೆಗೆ" ಎಂದು ಮೆಲ್ಲಗೆ ಕೇಳಿ, ಕೇಳಿದ್ದಕ್ಕೆ ನಾಚಿಕೊಂಡೆ.

"ನಮ್ಮಪ್ಪನ ಕಾಲದಿಂದ್ಲೂ ಕಟ್ಟಿಲ್ಲ. ನೀನು ಕೇಳ್ದೆ ಅಂತ ಕಟ್ಬುಟ್ರೆ, ನಾಳೆ ಅವ್ಗಳ ಮುಖ ಎಂಗವ್ವ ನೋಡ್ಲಿ?"

ಮೇಡಂ ಕೈಗಡಿಯಾರ ನೋಡಿಕೊಂಡರು. "ಇದನ್ನ ಮೊದಲೇ ವಿಚಾರಿಸಬೇಕಿತ್ತಲ್ಲವಾ?" ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೇ ವಾಸಿಯಿತ್ತು. ಸೀರೆಗಳ ಮಧ್ಯದ ಆ ಕಾಗದ ಇನ್ನು ಹಳೆಯ ಕಾಗದ ಎಂದುಕೊಂಡೆ.

ಒಂಬತ್ತು ಮುಖಗಳು ನನ್ನತ್ತಲೇ ತಿರುಗಿದ್ದವು. ಅಭ್ಯಾಸ ಮಾಡಿದ್ದ ಯಾವ ವಾಕ್ಯವೂ ಇದಕ್ಕೆ ಆಗಿಬರುವಂತಿರಲಿಲ್ಲ. ತೋಚಿದ ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ವಾರವೆಲ್ಲ ದುಡಿಯುವ ಎತ್ತುಗಳಿಗೆ ಇಂದು ಬಿಡುವು, ಇದು ಅವುಗಳ ದಿನ, ತಪ್ಪು ನನ್ನದು ಎಂದೆ.

ಮೊದಲು ಮಾತಾಡಿದವಳು ಕಾಲುಚೀಲದ ಹುಡುಗಿ. ಅವರ ಊರಿನಲ್ಲೂ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವಂತೆ. ಅವಳ ಅಜ್ಜಿಯಂತೂ ಭಾನುವಾರ ಬಟ್ಟೆ ಒಗೆದು ತಂತಿಗೆ ಹಾಕುವುದೂ ಇಲ್ಲವಂತೆ. ಯಾರಾದರೂ ಹಾಕಿದರೆ ಕಿಟಕಿಯಿಂದ ನೋಡಿ ತಲೆಯಾಡಿಸುತ್ತಾರಂತೆ.

ಅದನ್ನು ಮಾವನಿಗೆ ಕನ್ನಡದಲ್ಲಿ ಹೇಳಿದೆ.

"ಅವರಜ್ಜಿ ನಮ್ಮೋರೇ ಅನ್ನು ಮತ್ತೆ" ಎಂದರು ಮಾವ. ಹೆಗಲ ಮೇಲಿನ ಟವಲ್ಲು ಕೊಡವಿ ಗಾಡಿಯ ಕಡೆ ನೋಡಿದರು. "ಎತ್ಗೆ ತಾನೆ ರಜ? ಗಾಡಿಗೇನೂ ಇಲ್ಲ. ಎಳಿಯೋರು ಇದ್ರೆ ಎಳೀಲಿ."

ತಮಾಷೆಗೆ ಅಂದ ಮಾತು. ನಾನೂ ಹಾಗೆಂದೇ ಅನುವಾದಿಸಿದೆ. ಆದರೆ ಇಬ್ಬರು ಎತ್ತರದ ಹುಡುಗರು ಆಗಲೇ ಅಂಗಿಯ ತೋಳು ಮಡಚಿಕೊಂಡು ನೊಗ ಎತ್ತಿಬಿಟ್ಟಿದ್ದರು. ಇನ್ನಿಬ್ಬರು ಹಿಂದಿನಿಂದ ನೂಕಲು ನಿಂತರು. ಉಳಿದವರು ಗಾಡಿ ಹತ್ತಿದರು. ಮಾವ ಮುಂದೆ ಕುಳಿತು, ಇಲ್ಲದ ಹಗ್ಗ ಹಿಡಿದವರಂತೆ ಕೈ ಚಾಚಿದರು. ಗಾಡಿ ಕಿರ್ರೆಂದು ಕದಲಿತು. ಬೇಲಿಯ ಪಕ್ಕ ಒಂದು ಸಲ ವಾಲಿ, ಸರಿಯಾಗಿ, ಕೆರೆಯ ದಾರಿ ಹಿಡಿಯಿತು. ಊರಿನವರೆಲ್ಲ ಜಗುಲಿಗೆ ಬಂದರು.

"ಬಲದ್ದು ವಸಿ ಪರ್ವಾಗಿಲ್ಲ. ಎಡದ್ದು ಸೋಂಬೇರಿ" ಎಂದು ಮಾವ ಕೂಗಿ ಹೇಳಿದರು.

ಜಗುಲಿಯಿಂದ ಯಾರೋ, ಸಂತೆಯಲ್ಲಿ ಎತ್ತು ಕೊಳ್ಳುವವರ ದನಿಯಲ್ಲಿ, "ಹಲ್ಲು ನೋಡಿ ಇಡ್ಕೊಂಡಾ ಗೌಡ?" ಎಂದು ಕೇಳಿದರು.

ಅದನ್ನೂ ನಾನು ಇಂಗ್ಲಿಷಿಗೆ ತಿರುಗಿಸಿದೆ. ಎಡಗಡೆಯ ಹುಡುಗ ಓಡುತ್ತಲೇ ಹಲ್ಲು ಕಿರಿದು ತೋರಿಸಿದ. ಹನ್ನೊಂದು ವರ್ಷಗಳಾದ ಮೇಲೆ ನನ್ನ ಇಂಗ್ಲಿಷ್ ಕೇಳಿ ಜನ ನಕ್ಕಿದ್ದರು, ಅದೂ ನಗಬೇಕಾದ ಕಡೆಯಲ್ಲೇ. ನಾವು ಮರಳಿದಾಗ ನಿಜವಾದ ಎತ್ತುಗಳು ಮಲಗಿದ್ದಲ್ಲಿಂದಲೇ ನಮ್ಮನ್ನು ನೋಡಿ ಕಿವಿ ಬೀಸಿದವು. ಹಸಿದಿದ್ದ ಹುಡುಗರು ಮುದ್ದೆ, ಸೊಪ್ಪಿನ ಸಾರನ್ನು ಮಾತಿಲ್ಲದೆ ಉಂಡರು. ಮುದ್ದೆ ಅಗಿಯಬಾರದು, ನುಂಗಬೇಕು ಎಂದದ್ದಕ್ಕೆ ಮಾತ್ರ ಒಬ್ಬರೂ ಒಪ್ಪಲಿಲ್ಲ.

ವಾಪಸ್ ಬರುವಾಗ ಮೇಡಂ ನನ್ನ ಪಕ್ಕ ಕುಳಿತರು. ತೆರಕಣಾಂಬಿ ದಾಟುವವರೆಗೂ ಕಿಟಕಿಯಾಚೆ ನೋಡುತ್ತಿದ್ದರು. ಆಮೇಲೆ, "ಮುಂದಿನ ತಿಂಗಳೂ ಸೋಮವಾರವೇ ಇಟ್ಟುಕೊಳ್ಳೋಣ. ಹಾಳೆಯಲ್ಲಿ ಗಾಡಿ ಎಳೆಯುವುದು ಅಂತಲೇ ಹಾಕಿಸ್ತೀನಿ. ಮನೆಯಲ್ಲಿ ಏನಂತಾರೆ?" ಎಂದರು. ಕೇಳಿ ನೋಡುತ್ತೇನೆ ಎಂದೆ. ಅತ್ತೆಯ "ಒಂದೇ ದಿನ" ಕಿವಿಯಲ್ಲೇ ಇತ್ತು.

ಮನೆ ಮುಟ್ಟಿದಾಗ ಅತ್ತೆ ಎಲ್ಲರನ್ನೂ ಒಳಗೆ ಕರೆದರು. ನಾನು ಕಾಫಿ ಸೋಸುತ್ತಿದ್ದೆ. ನಡುಮನೆಯಲ್ಲಿ ಮೇಡಂ ಅತ್ತೆಯೊಂದಿಗೆ ಏನೋ ಮಾತಾಡುವುದು ಕೇಳಿಸಿತು, ಏನೆಂದು ಗೊತ್ತಾಗಲಿಲ್ಲ. ಬಸ್ಸು ಹೊರಟ ಮೇಲೆ ಅತ್ತೆ ಹಿತ್ತಿಲಿಗೊಮ್ಮೆ ಹೋಗಿ ಬಂದರು. ಖಾಲಿ ಲೋಟಗಳನ್ನು ಜೋಡಿಸಿ ದೇವರ ದೀಪಕ್ಕೆ ಎಣ್ಣೆ ಹಾಕಲು ಹೋದರು. ಎಲ್ಲಿಂದ ಶುರು ಮಾಡಿ ಕೇಳಲಿ ಎಂದು ಯೋಚಿಸುತ್ತ ಹಿತ್ತಿಲಿಗೆ ಬಂದರೆ, ತಂತಿ ಬರಿದಾಗಿತ್ತು. ಒಣಗಿದ ಬಟ್ಟೆಗಳು ಮಡಿಕೆಯಾಗಿ ಮೋಟುಗೋಡೆಯ ಮೇಲಿದ್ದವು.

ಪಕ್ಕದ ಮನೆಯ ಅಕ್ಕ ಕೊನೆಯ ಟವಲ್ಲನ್ನು ಅದರ ಮೇಲಿಟ್ಟು ಒಳಗೆ ಹೋಗುತ್ತ ಅಂದರು: "ನಿಮ್ಮತ್ತೆ ಈಗ ಹೇಳುದ್ರು ಕಣಮ್ಮ, ಇನ್ಮೇಲೆ ತಿಂಗಳಿಗೆ ಒಂದೇ ದಿನ, ಸೋಮ್ವಾರ, ಸೊಸೆ ಇರಕಿಲ್ಲ, ಬಟ್ಟೆ ನೀನೇ ತೆಗ್ದು ಮಡಗ್ಬುಡು ಅಂತ. ಕ್ಲಿಪ್ಪು ಸಾಕಾಗಕಿಲ್ಲ, ಇನ್ನೊಂದು ಡಜನ್ ತಂದಿಡಿ."